ಕೆಂಪು ಬಾತು ಬಂದ ವರ್ಷ

೮ ಅಕ್ಟೋಬರ್ ೨೦೦೧, ಸೋಮವಾರ. ಬೆಳಿಗ್ಗೆ ೭-೩೦

ಇವತ್ತೂ ಮಾವನ ಜೊತೆ ಕೆರೆಗೆ ಹೋಗಿ ಬಂದಾಯಿತು. ಎಂಟನೇ ದಿನ. ಚಪ್ಪಲಿಯೊಳಗೆ ಗಾಳಿಮರದ ಕಾಯಿ ಹೊಕ್ಕು ಹಿಮ್ಮಡಿ ನೋವು. ಒಂಬತ್ತಕ್ಕೆ ಹೊನ್ನಾವರದಲ್ಲಿ ಟೈಪಿಂಗ್ ಕ್ಲಾಸಿನ ಬಾಗಿಲು ತೆಗೆಯಬೇಕು. ಇನ್ನೂ ಸ್ನಾನ ಆಗಿಲ್ಲ, ಡೈರಿ ಬರೆಯುತ್ತ ಕೂತಿದ್ದೇನೆ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ.

ಎಲ್ಲ ಅತ್ತೆಯ ಆರ್ಡರು. ಹೋದ ತಿಂಗಳು ಮಾವ ಕೆರೆ ದಂಡೆಯಲ್ಲಿ ಜಾರಿ ಬಿದ್ದು ಮೊಣಕೈ ತರಚಿಸಿಕೊಂಡು ಬಂದರು. ಅತ್ತೆ ಮೀನು ಹರವುತ್ತಿದ್ದವರು ತಲೆ ಎತ್ತದೆ, "ನಾಳೆಯಿಂದ ಸುಷ್ಮಾ ಸಂಗ್ತಿಗೆ ಹೋಗ್ಲಿ" ಅಂದರು. ಮುಗಿಯಿತು. ನನ್ನನ್ನು ಯಾರು ಕೇಳುತ್ತಾರೆ. ಅಜಯ ಇದ್ದಿದ್ದರೆ ಅವನ ತಲೆಗೆ ಕಟ್ಟುತ್ತಿದ್ದೆ. ಅವನು ಬೋಟು ಹತ್ತಿ ಮಲ್ಪೆ ಕಡೆ ಹೋಗಿ ಹನ್ನೆರಡು ದಿನ. ಗಂಡ ಸಮುದ್ರದಲ್ಲಿ, ಹೆಂಡತಿ ಗಂಡನ ಅಪ್ಪನ ಜೊತೆ ಕೆರೆ ದಂಡೆಯಲ್ಲಿ. ಮದುವೆಯಾಗಿ ಒಂದೂವರೆ ವರ್ಷ. ಚೆನ್ನಾಗಿದೆ.

ಆದರೆ... ಇಲ್ಲಿ ಬರೆದರೆ ಯಾರು ಓದುತ್ತಾರೆ. ಅಲ್ಲಿ ಕೂತರೆ ಹಿತವಾಗುತ್ತದೆ. ಬೆನ್ನಿಗೆ ಗಾಳಿತೋಪು, ತೋಪಿನಾಚೆ ಸಮುದ್ರ, ಎದುರಿಗೆ ಸಣ್ಣ ಸಿಹಿನೀರಿನ ಕೆರೆ. ಆರು ಗಂಟೆಗೆ ನೀರಿನ ಮೇಲೆ ಮಂಜಿನ ಹೊಗೆ ಎದ್ದಿರುತ್ತದೆ. ನೀರು ಎಲ್ಲಿ ಮುಗಿಯಿತು, ಹೊಗೆ ಎಲ್ಲಿ ಶುರುವಾಯಿತು, ಹೇಳಲಾಗದು. ಮಾವ ಕಲ್ಲಿನ ಮೇಲೆ ಕೂತು ಒಂದೊಂದೇ ಹಕ್ಕಿಯ ಹೆಸರು ಹೇಳುತ್ತಾರೆ. ನನಗೆ ಗೊತ್ತಿದ್ದದ್ದು ಕಾಗೆ, ಬೆಳ್ಳಕ್ಕಿ, ಗರುಡ. ಮೂರೇ. ತದಡಿಯಲ್ಲಿ ಹುಟ್ಟಿದವಳು, ಮೀನಿನ ಹೆಸರು ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಹಕ್ಕಿಗಾಗಿ ತಲೆ ಎತ್ತಿದ್ದಿಲ್ಲ.

ಬಸ್ಸು ತಪ್ಪುತ್ತದೆ. ಏಳಬೇಕು.

೧೧ ಅಕ್ಟೋಬರ್, ಗುರುವಾರ

ಮಾವನಿಗೆ ಊರಲ್ಲಿ "ಕಣ್ಣಿನ ಈರ" ಅಂತ ಯಾಕೆ ಹೆಸರು ಬಂತು, ಇವತ್ತು ಅವರ ಬಾಯಿಂದಲೇ ಕೇಳಿದೆ. ರಂಪಣಿ ಬಲೆಯ ಕಾಲದಲ್ಲಿ ಅಪ್ಸರಕೊಂಡದ ಗುಡ್ಡದ ಮೇಲೆ ನಿಂತು ಸಮುದ್ರ ನೋಡುವುದೇ ಅವರ ಕೆಲಸ. ನೀರು ಎಲ್ಲಿ ಕಪ್ಪಾಗಿದೆ, ಹಕ್ಕಿ ಎಲ್ಲಿ ಮುಗಿಬೀಳುತ್ತಿದೆ — ನೋಡಿ ಪಂಚೆ ಬೀಸಬೇಕು. ಇವರು ಬೀಸಿದ ಕಡೆಗೆ ದೋಣಿ ಬಲೆ ಬಿಡುತ್ತ ಹೋಗುತ್ತದೆ. ದಡದಲ್ಲಿ ನೂರು ಜನ ಎಳೆಯುತ್ತಾರೆ.

"ಒಂದ್ ಸಲ ತಪ್ಪಿದ್ದೆ" ಅಂದರು.

"ಎಂತ ಆಯ್ತು?"

"ಮೋಡದ ನೆರಳು. ಬಂಗಡೆ ಹಿಂಡು ಅಂದ್ಕಂಡು ಪಂಚೆ ಬೀಸ್ದೆ. ನೂರು ಜನ ಎಳ್ದು ಎಳ್ದು, ಕಡೆಗೆ ಬಲೇಲಿ ನಾಕು ಏಡಿ. ನಿನ್ನ ಅತ್ತೆ ಆ ದಿನ ಅನ್ನ ಹಾಕಲಿಲ್ಲ."

ನಕ್ಕು ನಕ್ಕು ಕಣ್ಣಲ್ಲಿ ನೀರು. ಮಾವ ನಗಲಿಲ್ಲ. ಮೂವತ್ತು ವರ್ಷದ ಹಿಂದಿನ ನಾಲ್ಕು ಏಡಿ ಅವರಿಗೆ ಇನ್ನೂ ಕಚ್ಚುತ್ತಿವೆ. ಈಗ ರಂಪಣಿ ಎಲ್ಲಿದೆ? ಮಷಿನ್ ಬೋಟು, ವಯರ್‌ಲೆಸ್. ಸ್ವಂತ ಮಗನೇ ಮಷಿನ್ ಬೋಟಿನವನು. ಕಣ್ಣಿನ ಈರನಿಗೆ ನೋಡಲು ಉಳಿದದ್ದು ಈ ಕೆರೆ.

೧೪ ಅಕ್ಟೋಬರ್, ಭಾನುವಾರ. ಮಧ್ಯಾಹ್ನ

ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದೆ.

ಬೆಳಿಗ್ಗೆ ಮಾವ ಆಚೆ ದಂಡೆಗೆ ಕೈ ತೋರಿಸಿ, "ಆ ಬೆಳ್ಳಕ್ಕಿ ನೋಡು, ಆಗಿಂದ ಅಲ್ಲಾಡಲಿಲ್ಲ. ದೊಡ್ಡ ಮೀನಿಗೇ ಕಾಯ್ತಾ ಅದೆ" ಅಂದರು. ಅದು ಸಿಮೆಂಟಿನ ಖಾಲಿ ಚೀಲ. ಬೇಲಿಗೆ ಸಿಕ್ಕಿಕೊಂಡದ್ದು. ತಮಾಷೆ ಅಂದುಕೊಂಡೆ. ಅಷ್ಟರಲ್ಲಿ ಒಂದು ಮಿಂಚುಳ್ಳಿ ಬಂದು ಎದುರಿನ ಗೂಟದ ಮೇಲೆ ಕೂತಿತು. ನೀಲಿ ಅಂದರೆ ನೀಲಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮಾವ ಸುಮ್ಮನೆ. ಅದು ಕೂಗಿ ಹಾರಿದ ಮೇಲೆ, "ಮಿಂಚುಳ್ಳಿ" ಅಂದರು.

ಬೇಲಿಯ ಚೀಲ ನೋಡಿದೆ, ಅವರ ಕಣ್ಣು ನೋಡಿದೆ.

"ಮಾವ, ನಿಮ್ಗೆ ಕಣ್ಣು ಕಾಣೂದಿಲ್ಲ, ಅಲ್ದ?"

ಊರುಗೋಲಿನಿಂದ ಮಣ್ಣು ಕೆದಕುತ್ತ ಕೂತರು. ಆಮೇಲೆ, "ಬೆಳಕು ಕಾಣ್ತದೆ. ಹೊಗೆಯೊಳಗೆ ನಿಂತಾಂಗೆ. ಮೂರು ಮಳೆಗಾಲ ಆಯ್ತು. ಅತ್ತೆ ಹತ್ರ ಹೇಳ್ಬೇಡ ಮಾರಾಯ್ತಿ. ಕಣ್ಣಿನ ಈರ ಅಂತ ಕರೆಸ್ಕಂಡವ ಕುರುಡ ಈರ ಆಗುದು ಬೇಡ."

ಹೇಳುವುದಿಲ್ಲ ಅಂದೆ. ಬರುವಾಗ ಮೊದಲ ಸಲ ಅವರ ಕೈ ಹಿಡಿದುಕೊಂಡೆ. ನನ್ನ ಮೇಲೇ ಸಿಟ್ಟು. ಹದಿನಾಲ್ಕು ದಿನ ಪಕ್ಕದಲ್ಲೇ ನಡೆದು ನನಗೂ ಕಾಣಲಿಲ್ಲವಲ್ಲ.

೨೩ ಅಕ್ಟೋಬರ್, ಮಂಗಳವಾರ

ಹೊಸ ಏರ್ಪಾಡು. ನೋಡುವ ಕೆಲಸ ನನ್ನದು, ಹೆಸರು ಹೇಳುವುದು ಅವರದು. ನಾನು — "ಕಾಲು ಉದ್ದ, ಕೊಕ್ಕು ಸಣ್ಣದು, ಬಾಲ ಇಲ್ಲ." ಅವರಿಗೆ ಸಿಟ್ಟು. "ಟೈಪ್ ಹೊಡ್ದಾಂಗೆ ಹೇಳ್ಬೇಡ ತಂಗೀ. ಅದು ಎಂತ ಮಾಡ್ತದೆ, ಅದ್ನ ಹೇಳು."

ನೋಡಿದೆ. ತಾವರೆ ಎಲೆಯಿಂದ ಎಲೆಗೆ ಕಾಲಿಡುತ್ತಿತ್ತು. ಪ್ರತಿ ಎಲೆಯನ್ನೂ ಮುಳುಗುತ್ತದೋ ಇಲ್ಲವೋ ಎಂದು ಒತ್ತಿ ನೋಡಿ, ಆಮೇಲೆ ಭಾರ ಬಿಡುತ್ತಿತ್ತು. ಬಾಣಂತಿ ಮೊದಲ ಸಲ ಅಂಗಳಕ್ಕೆ ಇಳಿದ ಹಾಗೆ. ಹಾಗೇ ಹೇಳಿದೆ. ಮಾವನಿಗೆ ಖುಷಿಯಾಗಿ, "ಈಗ ಕಾಣ್ತು" ಅಂದರು.

ಕ್ಲಾಸಿನಲ್ಲಿ ಹುಡುಗಿಯರು ಎ ಎಸ್ ಡಿ ಎಫ್ ಕುಟ್ಟುತ್ತಿರುವಾಗಲೂ ನನ್ನ ತಲೆಯಲ್ಲಿ ಆ ಹಕ್ಕಿಯ ಕಾಲು. ಒಂದು ಎಲೆ, ಇನ್ನೊಂದು ಎಲೆ. ಇಪ್ಪತ್ತು ಮಷಿನ್ನಿನ ಸದ್ದು ಎಲ್ಲೋ ದೂರ ಹೋಗಿಬಿಟ್ಟಿತ್ತು. ವನಮಾಲಾ ಎರಡು ಸಲ "ಮೇಡಮ್" ಅಂದಳಂತೆ.

ದಿನಾ ಒಂದು ಪ್ರಶ್ನೆ ಮಾತ್ರ ತಪ್ಪುವುದಿಲ್ಲ. "ಕೆಂಪು ಬಾತು ಬಂದವಾ?" ಬೆಲ್ಲದ ಬಣ್ಣದ ಸಣ್ಣ ಬಾತುಗಳಂತೆ. ಮಳೆ ಹೋದ ಕೂಡಲೆ ಹಿಂಡಾಗಿ ಬರುತ್ತಿದ್ದವಂತೆ. ಅವರು ಸಣ್ಣವರಿದ್ದಾಗಿನಿಂದ ಒಂದು ವರ್ಷವೂ ತಪ್ಪಿಸಿದ್ದಿಲ್ಲವಂತೆ. ನಾನು ಜನ್ಮದಲ್ಲಿ ನೋಡಿಲ್ಲ. ಇಲ್ಲ ಮಾವ, ಇವತ್ತಿಗೂ ಇಲ್ಲ.

೪ ನವೆಂಬರ್, ಭಾನುವಾರ

ಡಿಸೆಂಬರ್ ಒಂಬತ್ತಕ್ಕೆ ಕುಮಟಾದಲ್ಲಿ ಕಣ್ಣಿನ ಕ್ಯಾಂಪ್. ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರ್ ನೋಡಿದೆ. ಪೊರೆ ತೆಗೆದು ಲೆನ್ಸ್ ಹಾಕುತ್ತಾರೆ, ಮಾರನೇ ದಿನ ಮನೆಗೆ. ಕೆರೆ ದಂಡೆಯಲ್ಲಿ ಮೆಲ್ಲಗೆ ಮಾತು ತೆಗೆದೆ.

"ಬೇಡ."

"ಹೆದ್ರಿಕೆಯಾ ಮಾವ?"

"ಹೆದ್ರಿಕೆ ಎಂತದು. ಕಣ್ಣು ಬಂದ್ರೆ ನೋಡುಕೆ ಎಂತ ಉಳದದೆ ಹೇಳು. ರಂಪಣಿ ಇಲ್ಲ. ಗುಡ್ಡ ಹತ್ತುಕೆ ಆಗುದಿಲ್ಲ. ಇಲ್ಲಿ ನೋಡ್ರೆ ಬಾತೂ ಬರಲಿಲ್ಲ."

ನೀರಿನ ಮೇಲೆ ಒಂದು ಎಲೆ ತಿರುಗುತ್ತಿತ್ತು. ಅದು ದಡ ಮುಟ್ಟುವವರೆಗೆ ನೋಡಿ, ಮಾವನ ಕೈ ಹಿಡಿದು ಎಬ್ಬಿಸಿದೆ.

೯ ನವೆಂಬರ್, ಶುಕ್ರವಾರ

ಹೇಳಿಬಿಟ್ಟೆ.

ನಾಲ್ಕು ದಿನದಿಂದ ಮಾವ ಕೆರೆಗೆ ಬರುವುದನ್ನೇ ಬಿಟ್ಟಿದ್ದಾರೆ. ಗೋಡೆಗೆ ಮುಖ ಮಾಡಿ ಮಲಗುವುದು. ಗಂಜಿ ಅರ್ಧ ಬಿಡುವುದು. ಇವತ್ತು ಒಬ್ಬಳೇ ಹೋದೆ. ಎರಡು ನೀರುಕಾಗೆ, ಒಂದು ಬೆಳ್ಳಕ್ಕಿ. ಅಷ್ಟೇ. ಮರಳಿ ಬಂದು ಅವರ ಚಾಪೆಯ ಪಕ್ಕ ಕೂತು — "ಮಾವ, ಬೆಲ್ಲದ ಬಣ್ಣದವು. ಬಂದವೆ."

ಎದ್ದು ಕೂತರು. "ಎಷ್ಟು?"

"ಹನ್ನೊಂದು."

ಹನ್ನೊಂದೇ ಯಾಕೆ? ಬಾಯಿಗೆ ಬಂತು.

"ಸಮಾ ಎಣಿಸಿದ್ಯ?"

"ಎರಡು ಸಲ."

ಗಂಜಿ ಪೂರ್ತಿ ಉಂಡರು. ಉಪ್ಪಿನಕಾಯಿ ಎರಡನೇ ಸಲ ಹಾಕಿಸಿಕೊಂಡರು. ಅತ್ತೆ ನನ್ನ ಮುಖ ನೋಡಿದರು. ನಾನು ಸಾರಿನ ಪಾತ್ರೆ ನೋಡಿದೆ. ಸುಳ್ಳು ಹೇಳಿ ಇಷ್ಟು ಹಗುರವಾದದ್ದು ಇದೇ ಮೊದಲು.

೧೯ ನವೆಂಬರ್, ಸೋಮವಾರ

ಮಾವ ದಿನಾ ಬರುತ್ತಾರೆ ಈಗ, ನನಗಿಂತ ಮುಂದೆ. ನಿನ್ನೆವರೆಗೆ ಬಾತುಗಳು ಹದಿನೇಳಾಗಿದ್ದವು. ಅವುಗಳಲ್ಲಿ ಒಂದಕ್ಕೆ ಎಡಗಾಲು ಕುಂಟು. ಇನ್ನೊಂದು ಯಾವಾಗಲೂ ಹಿಂಡಿನಿಂದ ಒಂದು ಮಾರು ದೂರ, ಅದಕ್ಕೆ ಯಾರ ಮೇಲೋ ಮುನಿಸು. ಎಲ್ಲಿಂದ ಬರುತ್ತದೆ ನನಗೆ ಇದೆಲ್ಲ? ಕಲ್ಲಿನ ಮೇಲೆ ಕೂತು ಹೇಳುತ್ತ ಹೇಳುತ್ತ ನನಗೇ ಕಾಣುತ್ತವೆ. ಹೊಗೆ ಸರಿಯುತ್ತದೆ. ಬೆಲ್ಲದ ಬಣ್ಣ ಮೆಲ್ಲಗೆ ಮೂಡುತ್ತದೆ. ಕತ್ತು ಬಗ್ಗಿಸಿ ನೀರಿಗೆ ಕೊಕ್ಕು ತಾಗಿಸುತ್ತವೆ. ಕಣ್ಣು ಉಜ್ಜಿ ನೋಡಿದರೆ ಬರೀ ನೀರು. ಆಗ ಸ್ವಲ್ಪ ಬೇಜಾರೂ ಆಗುತ್ತದೆ.

ಇವತ್ತು ಮಿತಿ ಮೀರಿದೆ. ಇಪ್ಪತ್ತಾರು ಮಾಡಿದ್ದೂ ಸಾಲದೆ ಎಲ್ಲವನ್ನೂ ಹಾರಿಸಿದೆ. "ಎದ್ದವು ಮಾವ! ಎಲ್ಲ ಒಟ್ಟಿಗೆ! ಅಕೋ, ತೋಪಿನ ಕಡೆ ಹೋದವು... ತಿರುಗಿದವು... ಈ ಕಡೆಗೇ ಬಂದವು!" ನಿಂತು ಕತ್ತೆತ್ತಿದೆ. ನಿಜಕ್ಕೂ ಕೆನ್ನೆಗೆ ರೆಕ್ಕೆಯ ಗಾಳಿ ತಗುಲಿದ ಹಾಗಾಯಿತು. ಆಣೆ ಮಾಡಿ ಹೇಳುತ್ತೇನೆ, ತಗುಲಿತು.

ಮಾವ ತಲೆ ಓರೆ ಮಾಡಿ ಕೂತಿದ್ದರು. "ನಮ್ಮ ತಲೆ ಮೇಲೇ ಹೋದ್ವಾ?"

"ತಲೆ ಮೇಲೇ ಮಾವ."

"ಹಾಂಗಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು ನಕ್ಕರು. ಎಷ್ಟು ದಿನದ ಮೇಲೆ ನಕ್ಕದ್ದು! ಮನೆ ತಲುಪುವವರೆಗೂ ಮಧ್ಯೆ ಮಧ್ಯೆ ನಗುತ್ತಿದ್ದರು.

೨೬ ನವೆಂಬರ್, ಸೋಮವಾರ

ಕೆಟ್ಟೆ.

ಬೆಳಿಗ್ಗೆ ಗಂಜಿ ಉಣ್ಣುತ್ತ ಮಾವ, "ಆ ಕ್ಯಾಂಪ್ ಯಾವತ್ತು ಅಂದೆ?" ಅಂತ ಕೇಳಿದರು. ಅತ್ತೆಯ ಎದುರಿಗೇ. ಎಲ್ಲ ಹೊರಗೆ ಬಂತು — ಮೂರು ಮಳೆಗಾಲ, ಹೊಗೆ, ಎಲ್ಲ. ಅತ್ತೆ ಮೊದಲು ಬೈದರು. "ಮೂರು ವರ್ಷ ನನ್ ಹತ್ರ ಸುಳ್ಳು ಹೇಳ್ತಾ ಬಂದ್ರಲ್ಲ! ನಾ ಎಂತ ಹೊರಗಿನವ್ಳಾ? ಬೇರೆ ಎಂತ ಮಾಡಿದ್ರೂ ತಡ್ಕಂಬೆ, ಸುಳ್ಳು ಹೇಳಿದ್ರೆ ತಡ್ಕಂಬುದಿಲ್ಲ ನಾನು." ಆಮೇಲೆ ಒಲೆಯ ಮುಂದೆ ಕೂತು ಅತ್ತರು. ಆಮೇಲೆ ಬಂಗಡೆ ಹುರಿದು, ದೊಡ್ಡ ತುಂಡು ಮಾವನ ಬಟ್ಟಲಿಗೆ ಹಾಕಿ, ಮುಳ್ಳನ್ನೂ ತಾವೇ ಬಿಡಿಸಿ ಕೊಟ್ಟರು.

ನಾನು ಆ ಮುಳ್ಳು ಬಾಚಿ ಹೊರಗೆ ಹಾಕಿ ಬಂದೆ.

ಸಂಜೆ ಅಂಗಡಿಯ ಫೋನಿಗೆ ಅಜಯ. ಸುದ್ದಿ ಮುಟ್ಟಿದೆ. "ಅಪ್ಪನ್ನ ಒಪ್ಪಿಸಿದ್ಯಂತೆ! ಎಂತ ಹೇಳಿ ಒಪ್ಪಿಸ್ದೆ ಮಾರಾಯ್ತಿ?" ಎಂತ ಹೇಳಲಿ? ಇಲ್ಲದ ಇಪ್ಪತ್ತಾರು ಬಾತು ತೋರಿಸಿ ಅಂತಲಾ? ಕಣ್ಣು ಬಂದ ದಿನ ಮಾವ ಮೊದಲು ಹೋಗುವುದು ಕೆರೆಗೇ. ಬರೀ ನೀರು ನೋಡುತ್ತಾರೆ. ಮೋಡದ ನೆರಳಿಗೆ ಮೂವತ್ತು ವರ್ಷ ತಮ್ಮನ್ನು ತಾವೇ ಕ್ಷಮಿಸದ ಮನುಷ್ಯ, ನನ್ನನ್ನು ಎಲ್ಲಿ ಕ್ಷಮಿಸುತ್ತಾರೆ? ಈಗ ನಿಜ ಹೇಳಿದರೆ ಆಪರೇಷನ್ ಬೇಡ ಅನ್ನುತ್ತಾರೆ. ಹೇಳದಿದ್ದರೆ...

೨ ಡಿಸೆಂಬರ್, ಭಾನುವಾರ

ಗೆಳತಿ ಮನೆಗೆ ಅಂತ ಹೇಳಿ ಭಟ್ಕಳ ಬಸ್ಸು ಹತ್ತಿದೆ. ಇನ್ನೊಂದು ಸುಳ್ಳು. ಎಲ್ಲಾದರೂ ನಿಜವಾದ ಕೆಂಪು ಬಾತು ಸಿಕ್ಕರೆ ಮಾವನನ್ನು ಅಲ್ಲಿಗೇ ಕರೆದುಕೊಂಡು ಹೋಗಬಹುದು. "ಜಾಗ ಬದಲಾಯಿಸಿವೆ ಮಾವ" ಅಂದರಾಯಿತು.

ಮಾವಳ್ಳಿಯಲ್ಲಿ ಇಳಿದು ಗದ್ದೆ ಬದುವಿನ ಮೇಲೆ ನಡೆದೆ. ತಾವರೆ ತುಂಬಿದ ಕೆರೆ. ನೀರೇ ಕಾಣದಷ್ಟು ತಾವರೆ. ಬಿಸಿಲು ಏರಿ ಹೂವುಗಳು ಅರ್ಧ ಮುಚ್ಚಿದ್ದವು. ಒಂದು ಗಂಟೆ ಕೂತೆ. ಏನು ಹುಡುಕಿ ಬಂದೆ ಅನ್ನುವುದೇ ಮರೆತುಹೋಯಿತು. ಎಲೆ ಮೇಲೆ ನಡೆಯುವ ಹಕ್ಕಿ ಇಲ್ಲೂ ಇತ್ತು, ಹಿಂದೆ ಮೂರು ಮರಿ. ಮರಿಗಳಿಗೆ ಮೈಗಿಂತ ಕಾಲೇ ದೊಡ್ಡದು. ನನ್ನಷ್ಟಕ್ಕೆ ಗಟ್ಟಿಯಾಗಿ ವರ್ಣಿಸುತ್ತಿದ್ದೆ. ಹುಲ್ಲು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, ತಲೆಯಿಂದ ಕಾಲಿನವರೆಗೆ ನೋಡಿ ಹೋದಳು.

ಬಾತು ಇಲ್ಲ.

೬ ಡಿಸೆಂಬರ್, ಗುರುವಾರ. ತದಡಿ

ತವರಿಗೆ ಬಂದ ನೆಪ. ಅಘನಾಶಿನಿಯ ಗಜನಿಗಳಲ್ಲಿ — ಭತ್ತ ಕೊಯ್ದು ಉಪ್ಪುನೀರು ಬಿಟ್ಟ ಗದ್ದೆಗಳಲ್ಲಿ — ಹಕ್ಕಿಗೇನು ಬರ. ಸಾವಿರ ಇವೆ. ಬೂದಿ ಬಣ್ಣದ ಸಣ್ಣವು ಕೆಸರಿನ ಮೇಲೆ ಓಡುತ್ತವೆ, ಒಮ್ಮೆಲೇ ಏಳುತ್ತವೆ, ತಿರುಗಿದಾಗ ಎಲ್ಲ ಬೆಳ್ಳಗೆ ಹೊಳೆದು ಮತ್ತೆ ಮಾಯ. ಇಲ್ಲೇ ಇಪ್ಪತ್ತೆರಡು ವರ್ಷ ಬೆಳೆದೆ. ಎಲ್ಲಿ ನೋಡುತ್ತಿದ್ದೆ?

ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ ಕಾಯುವ ಫಾರೆಸ್ಟ್ ವಾಚರ್ ಬೊಮ್ಮಯ್ಯ ಸಿಕ್ಕಿದರು. ಅಪ್ಪನ ಪರಿಚಯದವರು. ಕೇಳಿದೆ.

"ಕೆಂಪು ಬಾತಾ? ಈ ಸಲ ನಂಗೂ ಕಾಣಲಿಲ್ಲ ತಂಗೀ. ಎಲ್ಲ ಕಡೆ ಸಿಗಡಿ ಹೊಂಡ ಆದ್ವಲ್ಲ, ಹಕ್ಕಿ ಓಡ್ಸುಕೆ ಹಗಲೂ 'ಢಂ' ಅಂತ ಪಟಾಕಿ ಹೊಡೀತ್ರು. ಎಲ್ಲಿ ಹೋದ್ವೋ. ಎಂತಕ್ಕೆ ಬೇಕಾಗಿತ್ತು?"

"ಒಬ್ರಿಗೆ ತೋರ್ಸುಕೆ" ಅಂದೆ. ಬೊಮ್ಮಯ್ಯ ಏನು ತಿಳಿದುಕೊಂಡರೋ, ಚಹಾ ಕುಡಿಸಿ ಕಳಿಸಿದರು.

೯ ಡಿಸೆಂಬರ್, ಭಾನುವಾರ. ಕುಮಟಾ

ಆಯಿತು. ಇಪ್ಪತ್ತು ನಿಮಿಷ. ಒಳಗೆ ಹೋಗುವ ಮುಂಚೆ ಮಾವ ನನ್ನ ಕೈ ಹುಡುಕಿ ಹಿಡಿದು, "ಇವತ್ತು ಬೆಳಿಗ್ಗೆ ಎಷ್ಟಿದ್ವು?" ಅಂದರು. ಅತ್ತೆ ಪಕ್ಕದಲ್ಲೇ ಇದ್ದರು. ಇವತ್ತು ಕೆರೆಗೆ ಹೋಗೇ ಇಲ್ಲ ಮಾವ, ಅಂದೆ. ಅದೊಂದು ನಿಜ.

೨೩ ಡಿಸೆಂಬರ್, ಭಾನುವಾರ

ಎರಡು ವಾರ ಬರೆದಿಲ್ಲ. ಬರೆಯುವಂಥದು ಏನೂ ಇರಲಿಲ್ಲ. ಮಾವನಿಗೆ ಕಾಣುತ್ತದೆ. ದೇವರ ದಯೆ. ಗೋಡೆಯ ಕ್ಯಾಲೆಂಡರಿನ ತಾರೀಕು ಓದುತ್ತಾರೆ. ಅತ್ತೆಯನ್ನು ನೋಡಿ, "ಎಷ್ಟು ಮುದುಕಿ ಆಗಿದ್ಯೇ ಮಂಜಿ" ಅಂದು ಬೈಸಿಕೊಂಡರು. ಡಾಕ್ಟರು ಒಂದು ತಿಂಗಳು ಗಾಳಿ, ಧೂಳು ಬೇಡ ಅಂದಿದ್ದಾರೆ. ಜಗಲಿಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿರುತ್ತಾರೆ. ಎತ್ತ ನೋಡುತ್ತಾರೆ, ತಿಳಿಯುವುದಿಲ್ಲ. ನಾನು ಕಸ ಗುಡಿಸುವಾಗ, ಬಟ್ಟೆ ಒಣಗಿಸುವಾಗ ಆ ಕಪ್ಪು ಗಾಜು ನನ್ನ ಕಡೆಗೇ ತಿರುಗಿದ ಹಾಗೆ. ಬಾತಿನ ಸುದ್ದಿ ಎತ್ತಿಲ್ಲ. ಒಂದು ಸಲವೂ.

ಅದೇ ಹೆಚ್ಚು ಹೆದರಿಕೆ.

೫ ಜನವರಿ ೨೦೦೨, ಶನಿವಾರ

"ನಾಳೆ ಕೆರೆಗೆ ಹೋಗ್ವ" ಅಂದರು. ಅವರೇ. ನಾಳೆ ಅಲ್ಲಿಗೆ ಮುಟ್ಟುವ ಮುಂಚೆ, ದಾರಿಯಲ್ಲೇ ಹೇಳಿಬಿಡುತ್ತೇನೆ. ತೋಪು ದಾಟುವುದರೊಳಗೆ. ಬೈದರೆ ಬೈಯಲಿ. ಮಾತು ಬಿಟ್ಟರೆ... ಮಾತು ಬಿಡಬಾರದು. ಈ ಮನೆಯಲ್ಲಿ ನನ್ನ ಹತ್ತಿರ ಕೂತು ಮಾತಾಡುವವರು ಅವರೊಬ್ಬರೇ. ಅವರು ಮಾತು ಬಿಟ್ಟರೆ ನನಗೆ ತಡೆಯಲು ಆಗುವುದಿಲ್ಲ.

೬ ಜನವರಿ, ಭಾನುವಾರ. ಬೆಳಿಗ್ಗೆ ೮

ತೋಪು ದಾಟಿತು. ಹೇಳಲಾಗಲಿಲ್ಲ.

ಇವತ್ತು ಊರುಗೋಲು ತಂದಿರಲಿಲ್ಲ ಮಾವ. ನನಗಿಂತ ಮುಂದೆ ಹೋಗಿ ಕಲ್ಲಿನ ಮೇಲೆ ಕೂತರು. ಹೊಗೆ ಆಗಲೇ ಕರಗಿತ್ತು. ಕೆರೆ ಪೂರ್ತಿ ಕಾಣುತ್ತಿತ್ತು, ಈ ದಡದಿಂದ ಆ ದಡಕ್ಕೆ. ಒಂದು ನೀರುಕಾಗೆ. ಬೇಲಿಗೆ ಅದೇ ಸಿಮೆಂಟು ಚೀಲ. ಮಾವ ಬಹಳ ಹೊತ್ತು ನೋಡಿದರು. ಗುಡ್ಡದ ಮೇಲೆ ಹೀಗೇ ನೋಡುತ್ತಿದ್ದಿರಬೇಕು. ನಾನು ಹಿಂದೆ ನಿಂತು ಅಳುತ್ತಿದ್ದೆ.

"ಮಾವ, ನಾನು ಸುಳ್ಳು—"

"ಗೊತ್ತಿತ್ತು."

"...ಯಾವಾಗಿಂದ?"

"ನೀ ಇಪ್ಪತ್ತಾರು ಒಟ್ಟಿಗೆ ಹಾರಿಸ್ದ್ಯಲ, ಆವತ್ತೇ." ನಗು ತಡೆದುಕೊಂಡು ಹೇಳುತ್ತಿದ್ದರು. "ತಂಗೀ, ಅದು ನೀರಲ್ಲಿ ಕೂತಾಗ ಸುಮ್ನಿರ್ತದೆ, ಆದ್ರೆ ಬಾಯಿ ಮುಚ್ಕಂಡು ಹಾರೂ ಜಾತಿಯೇ ಅಲ್ಲ. ಎದ್ದಲ್ಲಿಂದ ಕೂತಲ್ಲಿವರೆಗೆ ಎಲ್ಲ ಸೇರಿ ಸಿಳ್ಳೆ ಹಾಕ್ತವೆ. ನಮ್ಮ ಕಾಸರಕೋಡ ಊರಿಗೆಲ್ಲ ಕೇಳ್ತದೆ. ನೀನು ನನ್ನ ತಲೆ ಮೇಲೇ ಇಪ್ಪತ್ತಾರು ಹಾರಿಸ್ದೆ, ಒಂದೂ ಉಸಿರೆತ್ತಲಿಲ್ಲ!"

ನಾಚಿಕೆಯಿಂದ ನೆಲಕ್ಕೆ ಇಳಿದುಹೋದೆ. ಮತ್ತೆ ನೆನಪಾಯಿತು — ಅದು ಹತ್ತೊಂಬತ್ತನೇ ತಾರೀಕು. ಕ್ಯಾಂಪಿಗೆ ಬರುತ್ತೇನೆ ಅಂದದ್ದು ಅದರ ಮುಂದಿನ ವಾರ.

"ಹಂಗಾರೆ ಮಾವ, ಬಾತು ಇಲ್ಲ ಅಂತ ಗೊತ್ತಿದ್ದೂ ಎಂತಕ್ಕೆ ಒಪ್ಪಿದ್ರಿ?"

ಕನ್ನಡಕ ತೆಗೆದರು. ಕೆರೆಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿ ಕೂತರು.

"ನೀ ಮದ್ವೆಯಾಗಿ ಮನೆಗೆ ಬಂದದ್ದು ಹೊಗೆಯೊಳಗೇ. ನಂಗೆ ನೀನು ಒಂದು ಸ್ವರ, ಅಷ್ಟೇ. ಒಂದ್ ಹಕ್ಕಿ ಹೆಸರು ಗೊತ್ತಿಲ್ಲದ ಹುಡುಗಿ, ಕುರುಡನ ಮುಂದೆ ನಿಂತ್ಕಂಡು ಇಷ್ಟು ಚಂದ ಸುಳ್ಳು ಹೇಳ್ತದಲ್ಲ, ಆಗ ಅದ್ರ ಮುಖ ಹ್ಯಾಂಗಿರ್ತದೆ ನೋಡ್ಬೇಕು ಅನ್ನಿಸ್ತು. ಒಂದು ತಿಂಗಳು ಜಗಲಿ ಮೇಲೆ ಕಾದೆ. ನೀ ಒಂದೂ ಸುಳ್ಳು ಹೇಳಲಿಲ್ಲ. ಎಲ್ಲಿ, ಈಗ ಹೇಳು. ಎಷ್ಟು ಅವೆ ಇವತ್ತು?"

ಮೂಗು ಒರೆಸಿಕೊಂಡೆ. ನೀರಿನ ಕಡೆ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು, ಕಣ್ಣು ಮಿಟುಕಿಸದೆ. ಹೇಳಿದೆ — ಮಾವ, ನಲವತ್ತೊಂದು. ಕುಂಟುಕಾಲಿನದು ಈಚೆ ದಂಡೆಗೇ ಬಂದು ಕೂತದೆ, ಆ ಮುನಿಸಿನದು ಇವತ್ತು ಹಿಂಡಿನ ಒಳಗೇ, ಮತ್ತೆ ಎಲ್ಲ ಒಟ್ಟಿಗೆ ಸಿಳ್ಳೆ ಹಾಕ್ತಾ ಅವೆ.